ಊಟದ ಬಿಡುವಿನ ‘ಶೇಮ್ ಶೇಮ್’

“ಮ್ಯಾನೇಜರ್, ಶೇಮ್ ಶೇಮ್” ಎಂದು ಬ್ಯಾಂಕಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದವರು ನನ್ನದೇ ಸಿಬ್ಬಂದಿ. ಧಾರವಾಡದಿಂದ ಕೊಚ್ಚಿಯ ಪಾಲಾರಿವಟ್ಟಂ ಶಾಖೆಗೆ ನಾನು ಮ್ಯಾನೇಜರಾಗಿ ಬಂದು ಎರಡು ತಿಂಗಳೂ ಆಗಿರಲಿಲ್ಲ. ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಕ್ಯಾಷಿಯರ್ ಶೋಭಾ ರಜೆ ಕೇಳಿದ್ದರು. ಇನ್‌ಸ್ಪೆಕ್ಷನ್ ಹತ್ತಿರ ಬಂದಿದೆ, ಜನ ಇಲ್ಲ ಎಂದು ನಾನು ಕೊಟ್ಟಿರಲಿಲ್ಲ. ಅದಕ್ಕೇ ಈ ಘೋಷಣೆ. ಗಾಜಿನ ಕ್ಯಾಬಿನ್ನಿನಲ್ಲಿ ಫೈಲು ಓದುವವನಂತೆ ಕುಳಿತಿದ್ದೆ.

ಊಟದ ಬಿಡುವು ಮುಗಿಯುತ್ತಲೇ ಕೂಗೂ ನಿಂತಿತು. ಮುಂದೆ ನಿಂತು ಕೂಗಿಸಿದ್ದ ಯೂನಿಯನ್ ಕಾರ್ಯದರ್ಶಿ ಬಾಬು ನೇರ ಒಳಗೆ ಬಂದು, “ಸಾರ್, ಊಣು ಕಳಿಚ್ಚೋ?” ಎಂದು ಊಟ ವಿಚಾರಿಸಿದರು. ನನ್ನ ಮುಖ ನೋಡಿ, ಅದೆಲ್ಲ ಕುರ್ಚಿಗೆ ಹೇಳಿದ್ದು, ನಿಮಗಲ್ಲ ಎಂದು ನಕ್ಕರು. ನನಗೆ ಬಂದಿದ್ದು ಸಿಟ್ಟೇ ಹೊರತು ನಾಚಿಕೆಯಲ್ಲ. ನಿಯಮದ ಪ್ರಕಾರವೇ ನಡೆದಿದ್ದೆನಲ್ಲ.

ಹೊರಗೆ ಬಂದರೆ ಉಳಿದವರು ಇನ್ನೂ ಬಾಗಿಲಿನಿಂದ ಮರಳುತ್ತಿದ್ದರು, ಕೌಂಟರಿನಲ್ಲಿ ಶೋಭಾ ಒಬ್ಬರೇ ಇದ್ದರು. ಊಟದ ಡಬ್ಬಿ ಇನ್ನೂ ತೆರೆದಿರಲಿಲ್ಲ. ಅವರು ಕಾಸರಗೋಡಿನವರು, ನಮ್ಮಿಬ್ಬರ ಮಾತು ಕನ್ನಡದಲ್ಲೇ. ನೀವು ಘೋಷಣೆಗೆ ಹೋಗಲಿಲ್ಲವೇ ಎಂದು ಸ್ವಲ್ಪ ಬಿಗಿಯಾಗಿಯೇ ಕೇಳಿದೆ.

“ನಾನೂ ಹೋದ್ರೆ ಕೌಂಟರಿನಲ್ಲಿ ಯಾರು ಸಾರ್? ಜನ ಇಲ್ಲ ಅಂತ ನೀವೇ ಹೇಳಿದ್ದಲ್ವಾ?” ಅವರ ದನಿಯಲ್ಲಿ ಕೊಂಕಿರಲಿಲ್ಲ.

ರಜೆ ಅರ್ಜಿ ತರಿಸಿಕೊಂಡು ಸಹಿ ಹಾಕಿದೆ. ಮರುದಿನ ಬಾಬು ಅದು ಘೋಷಣೆಗೆ ಸಿಕ್ಕ ಗೆಲುವೆಂದು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದರು. ನಾನು ತಿದ್ದಲು ಹೋಗಲಿಲ್ಲ. ನಿಜ ಹೇಳಲು ನಾಚಿಕೆಯಾಯಿತು.