ಟೈಲರಮ್ಮ ರಾತ್ರಿ ಕಳೆಯುವ ಜಾಗ

ಟೈಲರಮ್ಮ ಮೇಯರ್ ಚುನಾವಣೆಗೆ ನಿಂತದ್ದು ಒಂದು ಚರಂಡಿಯ ಮೇಲಿನ ಸಿಟ್ಟಿಗೆ. ನಗರದ ಗಡಿ ಎಂದರೆ ಆ ಚರಂಡಿಯೇ. ಅದು ಅವಳ ಮನೆಯ ಅಡಿಯಲ್ಲೇ ಹಾದುಹೋಗುತ್ತಿತ್ತು. ಬೀದಿಗೆ ಮುಖ ಮಾಡಿದ ಹೊಲಿಗೆ ಅಂಗಡಿ ನಗರದೊಳಗೆ. ಹಿಂದಿನ ಅಡುಗೆಮನೆ, ಮಲಗುವ ಕೋಣೆ ನಗರದಾಚೆ. ನಡುವಿನ ಚಪ್ಪಡಿಯ ಕೆಳಗೆ ಕೊಳೆ ಕಟ್ಟಿ ನಾರಿದರೆ ಈ ಕಡೆಯವರು ಆ ಕಡೆಗೆ ಕೈ ತೋರಿಸುತ್ತಿದ್ದರು, ಆ ಕಡೆಯವರು ಈ ಕಡೆಗೆ. ಮೊಲೆಹಾಲು ಕುಡಿಯುವ ಮಗಳಿಗೆ ಮತ್ತೆ ಜ್ವರ ಬಂದ ದಿನ ಅವಳು ಕತ್ತರಿ ಕೆಳಗಿಟ್ಟು ಹೋದವಳೇ ನಾಮಪತ್ರ ಹಾಕಿ ಬಂದಳು.

ತಕರಾರು ತೆಗೆದವನು ಹೊರಗಿನವನಲ್ಲ, ಗಂಡನ ಅಣ್ಣ. ಚರಂಡಿ ಶುಚಿ ಮಾಡಿಸುವ ಗುತ್ತಿಗೆ ಅವನದು, ಕೊಟ್ಟವರು ಈಗಿನ ಮೇಯರ್. ಮೇಯರ್ ಆಗುವವರು ನಗರದೊಳಗೇ ವಾಸವಿರಬೇಕು, ರಾತ್ರಿ ಕಳೆಯುವ ಜಾಗವೇ ವಾಸದ ಜಾಗ ಎಂಬ ನಿಯಮವನ್ನು ಅವನು ಎಲ್ಲಿಂದಲೋ ಹೆಕ್ಕಿ ತಂದಿದ್ದ.

"ಅಂಗಡಿ ಒಳಗಿದ್ರೆ ಏನಾಯ್ತಮ್ಮಾ? ರಾತ್ರಿ ಮೈ ಚಾಚೋದು ಗಡಿ ಆಚೆ ತಾನೇ?"

"ಚರಂಡೀನ ಒಂದು ದಿನಾನೂ ಬಗ್ಗಿ ನೋಡಿದೋರಲ್ಲ. ನನ್ನ ಹಾಸಿಗೆ ಬಗ್ಗಿ ನೋಡೋಕೆ ನಾಚಿಕೆ ಆಗಲ್ವಾ ಭಾವ?"

ಚುನಾವಣಾ ಅಧಿಕಾರಿ ಮನೆ ನೋಡಲು ಬರುವ ಹಿಂದಿನ ಸಂಜೆ ಗಂಡ ಮಂಚವನ್ನು ಅಂಗಡಿಗೆ ಎಳೆದು ತಂದ. ಬಟ್ಟೆ ಕತ್ತರಿಸುವ ಮೇಜಿಗೂ ಮಿಷನ್ನಿಗೂ ನಡುವೆ ಅದು ಹೇಗೋ ತೂರಿಕೊಂಡಿತು. ಮೇಲುಹಾಸು ಹಾಕಿದವಳು ಟೈಲರಮ್ಮ. ಮುದುಡಿದ ಬಟ್ಟೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಇಸ್ತ್ರಿ ಉಜ್ಜಿ, ಮೂಲೆಗಳನ್ನು ಅಂಗಿಯ ಕಾಲರಿನಷ್ಟು ಗಟ್ಟಿಯಾಗಿ ಮಡಿಸಿಟ್ಟಳು.

ಬೆಳಿಗ್ಗೆ ಅಧಿಕಾರಿ ಮೇಲುಹಾಸಿನ ಮೇಲೆ ಬೆರಳಾಡಿಸಿದರು.

"ಇದರ ಮೇಲೆ ನೊಣ ಕೂತಿದ್ರೂ ಗುರುತು ಬೀಳ್ತಿತ್ತು. ನೀವು ಮಲಗಿದ್ರಾ?"

ಅಧಿಕಾರಿಯ ಹಿಂದೆಯೇ ಬಂದಿದ್ದ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆಗೂ ಸೊಸೆಗೂ ಎಣ್ಣೆ ಸೀಗೆಕಾಯಿ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

"ಅಮ್ಮಾ, ಬಾ ಇಲ್ಲಿ! ಇವಳು ಎಲ್ಲಿ ಮಲಗ್ತಾಳೆ, ನೀನೇ ಹೇಳಿಬಿಡು."

ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಗೊಣಗುತ್ತಲೇ ಬಂದಳು.

"ಮಲಗಿದ್ರೆ ತಾನೇ ಹೇಳೋದು! ರಾತ್ರಿಯಿಡೀ ಈ ಮಿಷನ್ ತುಳೀತಾಳೆ ಸ್ವಾಮಿ, ಟಕಟಕ ಟಕಟಕ. ಆಮೇಲೆ ಅದರ ಮೇಲೇ ತಲೆ ಇಟ್ಟು ಗೊರಕೆ. ಒಳಗೆ ಮೊಮ್ಮಗಳ ಹತ್ರ ಒದೆ ತಿನ್ನೋಳು ನಾನು. ಇಂಥಾ ಸೊಸೆ ಶತ್ರುಗೂ ಬೇಡ!"

"ಮಿಷನ್ ಮೇಲೆ ಅಂದ್ರೆ, ಈ ಅಂಗಡೀಲೇ?"

"ಮತ್ತೆ? ಮಿಷನ್ನೇನು ಚಾಪೆ ಥರ ಸುತ್ಕೊಂಡು ಓಡಾಡೋಕಾಗುತ್ತಾ?"

ತೂಕಡಿಸುವುದೂ ವಾಸದ ಲೆಕ್ಕಕ್ಕೆ ಬರಬಹುದೆಂದು ಟೈಲರಮ್ಮನಿಗೆ ಹೊಳೆದೇ ಇರಲಿಲ್ಲ.

ಭಾವನ ನಗು ಆರಿಹೋಯಿತು. "ಮಗೂಗೆ ಹಾಲು ಕೊಡೋಕೆ ಒಳಗೆ ಹೋಗ್ತಾಳಲ್ಲ ಸಾರ್, ಅದು?"

"ಹಾಲು ಕೊಡೋದು ವಾಸ ಅಲ್ಲರೀ." ಅಧಿಕಾರಿ ಟೈಲರಮ್ಮನ ಕಡೆ ತಿರುಗಿದರು. "ನಾಮಪತ್ರ ಸಿಂಧು. ಈ ಮಂಚ ಎತ್ತಿಡಮ್ಮ, ನಾಟಕ ನಿನಗೆ ಒಗ್ಗಲ್ಲ."

ಅವರು ಹೊಸಿಲು ದಾಟಿದ್ದೇ ತಡ, ಭಾವ ತಾಯಿಯ ಮೇಲೆ ಹರಿಹಾಯ್ದ. "ಹೆತ್ತ ಮಗನ ಕುತ್ತಿಗೇನೇ ಕೊಯ್ದೆಯಲ್ಲಮ್ಮಾ!"

"ನಾನು ನನ್ನ ಸೊಸೇನ ಬೈದೆ ಕಣೋ. ಬೈಯೋಕೂ ನಿನ್ನ ಅಪ್ಪಣೆ ಬೇಕಾ? ನಡಿ ಆಚೆ."

ಅವನು ಬಾಗಿಲು ದಡಾರನೆ ಎಳೆದುಕೊಂಡು ಹೋದ. ಟೈಲರಮ್ಮ ಮಗುವಿಗಾಗಿ ಕೈ ಚಾಚಿದಳು.

"ಅತ್ತೆ, ಹಾಗಾದ್ರೆ ನಿಮ್ಮ ವೋಟು ನನಗೇ ಅಲ್ವಾ?"

"ನಾನು ಮಲಗೋದು ಗಡಿ ಆಚೆ. ನನಗೆಲ್ಲಿಯ ವೋಟು?" ಅತ್ತೆ ಮಗುವನ್ನು ಅವಳ ತೋಳಿಗೆ ದಬ್ಬಿದಳು. "ಇದ್ದಿದ್ರೂ ನಿನಗೆ ಹಾಕ್ತಿರಲಿಲ್ಲ."