ಮರಳಿಯಲ್ಲಿ ಚೀನದ ಪಟ್ಟಾಭಿಷೇಕ

ನನ್ನ ತವರಿನ ಟ್ರಂಕಿನಲ್ಲಿ ಸೀರೆಗಳಿಗಿಂತ ಭಾರವಾಗಿದ್ದದ್ದು ಒಂದು ಪುಸ್ತಕ. ಚೀನದ ಹಳೆಯ ಕಾದಂಬರಿಯೊಂದರ ಕನ್ನಡ ಅನುವಾದ. ರಟ್ಟೂ ಮೊದಲ ಹಾಳೆಗಳೂ ಹರಿದುಹೋಗಿದ್ದರಿಂದ ಅದರ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಅಲೆಮಾರಿ ಬಡವನೊಬ್ಬ ಗೆಳೆಯರನ್ನು ಕೂಡಿಸಿಕೊಂಡು, ಹಳೆಯ ರಾಜನನ್ನು ಓಡಿಸಿ, ಹೊಸ ರಾಜವಂಶ ಕಟ್ಟುವ ಕಥೆ. ಎಪ್ಪತ್ತರ ದಶಕದ ಕೊನೆಗೆ ಮರಳಿ ಎಂಬ ಊರಿಗೆ ಸೊಸೆಯಾಗಿ ಬಂದ ನಾನು ಅದನ್ನು ಒಲೆಯ ಮುಂದೆ ಕದ್ದು ಓದುತ್ತಿದ್ದೆ. ಅತ್ತೆ ಹಿಡಿದುಕೊಟ್ಟರು. ಮಾವನವರು ಬೈಯುವ ಬದಲು, ಎಲ್ಲರಿಗೂ ಕೇಳುವಂತೆ ಓದು ಅಂದರು.

ಅವರು ಊರಿನಲ್ಲಿ ಪುರಾಣ ಓದುತ್ತಿದ್ದವರು. ಕಣ್ಣಿಗೆ ಪೊರೆ ಬಂದ ಮೇಲೆ ಓದು ನಿಂತಿತ್ತು. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ಗದ್ದೆ ಕೆಲಸ ಇಲ್ಲದ ದಿನಗಳು. ಮಧ್ಯಾಹ್ನ ನಮ್ಮ ಪಡಸಾಲೆ ತುಂಬತೊಡಗಿತು. ನಾನು ಸೆರಗು ಹೊದ್ದು ಓದುವುದು, ಮಾವ ಅರ್ಥ ಹೇಳುವುದು, ಥೇಟ್ ಪುರಾಣದ ಹಾಗೆಯೇ. ಚೀನದ ಹೆಸರುಗಳು ಯಾರ ನಾಲಿಗೆಗೂ ಹೊರಳಲಿಲ್ಲ. ಮಾವ ಒಬ್ಬನನ್ನು ಗಡ್ಡದವ ಅಂದರು, ಇನ್ನೊಬ್ಬನನ್ನು ಕುಳ್ಳ ಮಂತ್ರಿ ಅಂದರು. ರಾಜನ ಬಾಲ್ಯದ ಗೆಳೆಯ, ಹೊಟ್ಟೆಬಾಕ ದಂಡನಾಯಕನಿಗೆ ಮಾತ್ರ ಜನರೇ ಹೆಸರಿಟ್ಟರು. ಇವನು ನಮ್ಮೂರ ದರ್ಜಿ ಚಾಚಾನೇ ಸೈ ಎಂದು ಎಲ್ಲರೂ ನಕ್ಕರು. ಮಾವ ನಗಲಿಲ್ಲ.

ಚಾಚಾ ಮಾವನವರ ನಲವತ್ತು ವರ್ಷದ ದೋಸ್ತ. ದಿನಾ ಸಂಜೆ ಇಬ್ಬರಿಗೂ ನಮ್ಮ ಕಟ್ಟೆಯ ಮೇಲೆ ಚಹಾ. ಈ ಓದು ಶುರುವಾಗುವ ಸ್ವಲ್ಪ ಮೊದಲು ಮಾವ ಪಂಚಾಯತಿ ಚೇರ್ಮನ್ ಆದದ್ದು ಚಾಚಾ ಮನೆಮನೆ ತಿರುಗಿದ್ದರಿಂದ. ಗೆದ್ದ ದಿನ ಮಾವ ಹಾರ ಹಾಕಿಸಿಕೊಂಡು ದೊಡ್ಡ ಜಮೀನ್ದಾರರ ಜೊತೆ ಟ್ರ್ಯಾಕ್ಟರ್ ಹತ್ತಿದರು. ಹಿಂದೆಯೇ ಹತ್ತಲು ಬಂದ ಚಾಚಾನಿಗೆ ಜಾಗ ಇಲ್ಲವೆಂದು ಯಾರೋ ಅಂದರು. ಮಾವ ಕೇಳಿಯೂ ಸುಮ್ಮನಿದ್ದರು. ಅವತ್ತಿನಿಂದ ಚಾಚಾ ಬರುವುದು ಬಿಟ್ಟರು. ಸಂಜೆಯ ಚಹಾ ಮಾವನಿಗೆ ರುಚಿಸದು, ಹೋಗಿ ಕರೆಯಲು ಚೇರ್ಮನ್‌ಗಿರಿ ಬಿಡದು. ತಾನೇ ಬರುತ್ತಾನೆ ಎನ್ನುತ್ತಿದ್ದರು. ಬರದೇ ಹೋದರೆ ಎಂಬ ಭಯ ಮುಖದ ಮೇಲೇ ಇರುತ್ತಿತ್ತು. ನನಗಂತೂ ಈ ಗಂಡಸರ ಬಿಗುಮಾನ ಕಂಡರೆ ಮೈ ಉರಿಯುತ್ತಿತ್ತು. ಆದರೆ ಕಥೆಯನ್ನು ಚಾಚಾ ಬಿಟ್ಟಿರಲಿಲ್ಲ. ಜಂಪರ್ ಹೊಲಿಸಲು ಹೋದ ಹೆಂಗಸರಿಂದ ದಿನದಿನದ್ದನ್ನು ಹೇಳಿಸಿಕೊಳ್ಳುತ್ತಿದ್ದರಂತೆ.

ಪುರಾಣದಲ್ಲಿ ಪಟ್ಟಾಭಿಷೇಕ ಬಂತೆಂದರೆ ನಮ್ಮಲ್ಲಿ ಸಿಹಿ ಅಡುಗೆ ಆಗಲೇಬೇಕು, ಆರತಿ ಎತ್ತಿ ಮಂಗಳ ಹಾಡಿ ಅಲ್ಲಿಗೆ ಪುಸ್ತಕ ಕಟ್ಟಿಡಬೇಕು. ಚೀನದ ರಾಜನಿಗೇನು ಬೇರೆ ನಿಯಮವೇ? ಮನೆಮನೆಯಿಂದ ಬೇಳೆ, ಬೆಲ್ಲ ಬಂತು. ಅತ್ತೆಯ ಕೈಕೆಳಗೆ ನಾಲ್ಕು ಮಂದಿ ಹೋಳಿಗೆ ಮಾಡಿದರು. ರಾಜ ಸಿಂಹಾಸನ ಏರಿದ. ಹೆಂಗಸರು ಪುಸ್ತಕಕ್ಕೆ ಆರತಿ ಬೆಳಗಿದರು. ಮುದುಕಿಯೊಬ್ಬಳು ಆ ರಾಜನಿಗೆ ಬೇಗ ಗಂಡುಮಗು ಆಗಲಿ ಎಂದು ಹರಸಿದಳು. ನಾನು ಲಗುಬಗೆಯಿಂದ ಪುಸ್ತಕ ಮುಚ್ಚಿದೆ. ಮುಂದಿನದನ್ನು ನಾನು ಮೊದಲೇ ಓದಿಕೊಂಡಿದ್ದೆ.

ಜನ ಉಂಡು ಹೋದ ಮೇಲೆ ಮಾವ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಗುರುತಿಗೆ ಹಾಕಿದ ದಾರದ ಆಚೆಗೆ ಬೆರಳಾಡಿಸಿದರು.

"ಯವ್ವಾ, ಇನ್ನೂ ಇಷ್ಟು ಹಾಳಿ ಅದಾವಲ್ಲ."

ಸುಳ್ಳು ಹೇಳಲಾಗಲಿಲ್ಲ. ಓದಿದೆ. ಪಟ್ಟಕ್ಕೆ ಕುಳಿತ ರಾಜನಿಗೆ ಹಳೆಯ ಗೆಳೆಯರ ಮೇಲೆ ಅನುಮಾನ ಶುರುವಾಗುತ್ತದೆ. ಒಬ್ಬೊಬ್ಬರನ್ನೇ ಮುಗಿಸುತ್ತಾನೆ. ದಂಡನಾಯಕ ಕೊನೆಯವನು. ಅವನ ಸರದಿ ಬಂದಾಗ ಮಾವ ಕೈ ಎತ್ತಿ ಸಾಕು ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಎದ್ದು, ಹೋಳಿಗೆ ಕಟ್ಟಿಕೊಡಲು ಅತ್ತೆಗೆ ಹೇಳಿದರು.

ಅವರ ಕೋಲಿನ ತುದಿ ಹಿಡಿದು ನಾನು ಚಾಚಾನ ಅಂಗಡಿಗೆ ಮುಂದೆ ನಡೆದೆ. ಚಾಚಾ ಹೊಲಿಗೆ ಮಷಿನ್ನಿನಿಂದ ತಲೆ ಎತ್ತಲಿಲ್ಲ. ಮಾವ ಬಟ್ಟೆಯ ರಾಶಿ ಸರಿಸಿ ಪಕ್ಕದಲ್ಲೇ ಕುಳಿತರು.

"ಅವತ್ತು ನಾ ಬಾಯಿ ಬಿಡಬೇಕಾಗಿತ್ತು. ತಪ್ಪಾತು, ದೋಸ್ತ."

ಮಷಿನ್ನು ಇನ್ನೊಂದು ಗೇಣು ಓಡಿ ನಿಂತಿತು. ಚಾಚಾ ಗಂಟು ಬಿಚ್ಚಿದರು, ಒಂದು ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಪಟ್ಟ ಆದ ಮೇಲೆ ದಂಡನಾಯಕನ ಗತಿ ಏನಾಯಿತೆಂದು ಕೇಳಿದರು.

ನನಗಿಂತ ಮೊದಲು ಮಾವನೇ ಹೇಳಿದರು: "ಅರಾಮ ಅದಾನ. ಹೋಳಿಗಿ ತಿನ್ನಾಕತ್ಯಾನ."