ಅಣ್ಣನಿಗೆ ನಾನು ಹೇಳಿದ ಸುದ್ದಿ

ಅಣ್ಣಾ, ವಿಮಾನಗಳು ನಿಲ್ಲುತ್ತವೆ ಎಂದು ಆ ಶುಕ್ರವಾರ ಟಿವಿಯಲ್ಲಿ ಯಾರೂ ಹೇಳಲಿಲ್ಲ. ಹೇಳಿದವನು ನಾನು.

ಈ ಅರಬ್ ದೇಶದಲ್ಲಿ, ಬ್ನೇದ್ ಅಲ್ ಗಾರ್‌ನ ನಿನ್ನ ಕೋಣೆಯಲ್ಲಿ ವಾರಕ್ಕೊಮ್ಮೆ ಕೂತು, ನಿನಗೆ ಬಾರದ ಇಂಗ್ಲಿಷ್ ಸುದ್ದಿಯನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸವಾಗಿತ್ತು. ನನ್ನದು ಅಮೆರಿಕದ ಚಾನೆಲ್. ನಿನ್ನದು ಫೋನಿಗೆ ಬರುತ್ತಿದ್ದ, ಹಿಂದಿಯಲ್ಲಿ ಮಾತಾಡುವ ರಷ್ಯಾದ ವಿಡಿಯೋಗಳು. ಅವರು ಸ್ವಾತಂತ್ರ್ಯ ಎಂದದ್ದನ್ನು ಇವರು ದರೋಡೆ ಎನ್ನುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಬಹುದು ಎಂದು — ವೆಲ್ಡಿಂಗ್ ಮಾಡುವ ನಿನಗಾಗಲಿ, ಎಗೈಲಾದ ಅಂಗಡಿಯಲ್ಲಿ ಬಟ್ಟೆ ಮಡಚುವ ನನಗಾಗಲಿ — ಒಮ್ಮೆಯೂ ಹೊಳೆಯಲಿಲ್ಲ. ಆ ದೇಶಗಳಿಗೆ ನಾವು ಯಾರೆಂದೂ ಗೊತ್ತಿಲ್ಲ. ನಾವು ಅವುಗಳಿಗಾಗಿ ಊಟ ಬಿಟ್ಟು ಜಗಳವಾಡಿದೆವು.

ಆಗ ಇಲ್ಲಿ ಎಲ್ಲರಿಗೂ ಯುದ್ಧದ ಭಯ. ಊರಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ಊರಿಗೆ ಹೋಗುವ ನಿನ್ನ ಟಿಕೆಟ್ ಆ ಶುಕ್ರವಾರದ ಮರುದಿನದ್ದು. ವಿಮಾನಗಳು ನಿಂತೇ ನಿಲ್ಲುತ್ತವೆ ಎಂದು ನಾನು ವಾರವಿಡೀ ಫೋನಿನಲ್ಲಿ ವಾದಿಸಿದ್ದೆ.

"ಏನಂತಾನಲೇ ನಿಮ್ಮ ಅಮೆರಿಕದಾಂವ? ಬರೇ ಹೆದರಸೂದ ಅವನ ಉದ್ಯೋಗ," ಎಂದು ನೀನು ನಕ್ಕೆ.

ವಿಮಾನಗಳು ಎಂದಿನಂತೆ ಹಾರುತ್ತವೆ, ನಿಲ್ಲಿಸುವ ಯೋಚನೆಯಿಲ್ಲ — ಅವನು ಹೇಳುತ್ತಿದ್ದದ್ದು ಇಷ್ಟೇ. ನಿನ್ನ ಆ ನಗುವಿನ ಮುಂದೆ ಸೋಲಲಾರದೆ —

"ಎರಡ ದಿನದಾಗ ಎಲ್ಲಾ ಬಂದ್ ಆಗ್ತಾವಂತ, ಅಣ್ಣಾ. ಹ್ವಾದವ್ರು ಅಲ್ಲೇ ಸಿಕ್ಕೊಂತಾರಂತ."

"ಇಲ್ಲಿ ಇರಾಕ ಕೊಟ್ಟ ಇಕಾಮಾ ಮುಗಿಯಾಕ ಬಂದೈತಿ. ಹೊಳ್ಳಿ ಬರಾಕ ಆಗ್ಲಿಲ್ಲಂದ್ರ ಕಫೀಲ್ ನನ್ನ ಕೆಲಸಕ್ಕ ಬ್ಯಾರೆಯವನ್ನ ಇಟ್ಕೊಂತಾನ. ಖಲಾಸ್," ಎಂದು ನೀನು ನನ್ನ ಎದುರಿಗೇ ಟಿಕೆಟ್ ರದ್ದು ಮಾಡಿದೆ. ನಾನು ತಡೆಯಲಿಲ್ಲ. ಗೆದ್ದಿದ್ದೆನಲ್ಲ.

ಮರುದಿನ ಹೇಳೋಣ ಎಂದುಕೊಂಡೆ. ಅದರ ಮರುದಿನ... ಮೂರನೆಯ ದಿನ ಅವ್ವ ಹೋದಳು. ಮಣ್ಣಿಗೂ ನೀನು ತಲುಪಲಿಲ್ಲ. ವಿಮಾನಗಳು ಹಾರುತ್ತಲೇ ಇದ್ದವು.

"ಟಿವಿಯವ್ರು ನಮ್ಮವ್ವನ ಮುಖಾ ತಪ್ಪಿಸಿದ್ರು," ಎಂದು ಮಾತಾಡಿಸಲು ಬಂದವರ ಮುಂದೆಲ್ಲ ನೀನು ಬೈಯುತ್ತಿದ್ದೆ. ಪಕ್ಕದಲ್ಲಿ ಕೂತು ನಾನೂ ಬೈದೆ — ನಿನಗಿಂತ ಜೋರಾಗಿ. ಆ ಚಾನೆಲ್ ಎಷ್ಟು ಸುಳ್ಳು ಹೇಳಿದೆಯೋ, ನನಗೆ ಗೊತ್ತಿಲ್ಲ. ಈ ಸುಳ್ಳು ನನ್ನದು.

ಇನ್ನೊಂದನ್ನೂ ಮುಚ್ಚಿಟ್ಟಿದ್ದೇನೆ. ಕೊನೆಯ ದಿನ ಊರಿಂದ ಅಕ್ಕ ಫೋನ್ ಮಾಡಿ, ಅವ್ವನ ಮಾತನ್ನು ನಿನಗೆ ಮುಟ್ಟಿಸು ಎಂದಿದ್ದಳು. ಮುಟ್ಟಿಸಲಿಲ್ಲ. ಈಗ ಬರೆಯುತ್ತಿದ್ದೇನೆ:

"ನಾ ಹ್ವಾದಮ್ಯಾಗ, ದೊಡ್ಡಾಂವ ಬರೂತನಕ ನನ್ನ ಗ್ವಾಡಿಗೆ ಆನಿಸಿ ಕುಂದರಸ್ರಿ."

ಇದರಲ್ಲಿ ನನ್ನ ಒಂದಕ್ಷರವೂ ಇಲ್ಲ.